ಹಳೆಯ ಸ್ಪೀಡ್‌ಬೋಟಿಗೆ ಜೋಡಿ ಎಂಜಿನ್ ಹಾಕಿಸುವವರು ಮೊದಲು ಆಲ್ಟರ್ನೇಟರ್ ನೋಡಿ

ಮಂಗಳೂರು, ಮಲ್ಪೆ ಕಡೆಯಲ್ಲಿ ಹಳೆಯ ಫೈಬರ್ ಸ್ಪೀಡ್‌ಬೋಟ್ ಇಟ್ಟುಕೊಂಡು ಅದಕ್ಕೆ ಎರಡು ದೊಡ್ಡ ಪೆಟ್ರೋಲ್ ಎಂಜಿನ್ ಕೂರಿಸುವ ಆಲೋಚನೆಯಲ್ಲಿರುವವರು, ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಓದಬೇಕು. ಮೆರೈನ್ ಎಂಜಿನ್ ಎಂದು ಹೇಳಿ ನನಗೆ ಕೊಟ್ಟದ್ದು ಗಲ್ಫಿನ ಗುಜರಿಯಿಂದ ಬಂದ ಪಿಕಪ್ ಗಾಡಿಯ ಎಂಜಿನ್. ಒಂದಲ್ಲ, ಎರಡೂ.

ನನ್ನದು ಮೂವತ್ತು ಅಡಿಯ ಡೀಪ್-ವೀ ತಳದ, ಅಂದರೆ ತಳ ‘V’ ಆಕಾರದಲ್ಲಿ ಆಳವಾಗಿರುವ ಬೋಟು. 1960ರ ಮಯಾಮಿ–ನಸ್ಸಾವ್ ಬೋಟ್ ಪಂದ್ಯದಲ್ಲಿ ರೇ ಹಂಟ್ ವಿನ್ಯಾಸದ ‘ಮಾಪಿ’ ಬೋಟು ಗೆದ್ದ ಮೇಲೆ ಈ ಬಗೆಯ ತಳಕ್ಕೆ ಹೆಸರು ಬಂತು; ಆಮೇಲೆ ಡಾನ್ ಅರೊನೊ ಕಟ್ಟಿದ ಡಾಂಝಿ, ಮ್ಯಾಗ್ನಮ್, ಸಿಗರೆಟ್ ಬೋಟುಗಳೆಲ್ಲ ಇದೇ ಜಾತಿಯವು. ನೇತ್ರಾವತಿ, ಫಲ್ಗುಣಿ ಎರಡೂ ಕಡಲು ಸೇರುವ ಅಳಿವೆ ಬಾಗಿಲಿನಲ್ಲಿ ತೆರೆ ಅಡ್ಡಾದಿಡ್ಡಿ ಏಳುವಾಗ ಚಪ್ಪಟೆ ತಳದ ಬೋಟು ಬಡಿದುಕೊಳ್ಳುತ್ತದೆ, ಇದು ನೀರನ್ನು ಸೀಳಿಕೊಂಡು ಹೋಗುತ್ತದೆ. ಆದರೆ ಅಂಥ ತಳವನ್ನು ನೀರಿನ ಮೇಲಕ್ಕೆ ಎಬ್ಬಿಸಲು ಶಕ್ತಿ ಬೇಕು. ಆದ್ದರಿಂದಲೇ 7.4 ಲೀಟರಿನ ಎರಡು ಮರ್ಕ್ರೂಸರ್ ಬಿಗ್ ಬ್ಲಾಕ್ (ಮರ್ಕ್ರೂಸರ್ ಕಂಪನಿಯ ದೊಡ್ಡ ಬೋಟ್ ಎಂಜಿನ್), ಜೊತೆಗೆ ಎರಡು ಬ್ರಾವೋ ಒನ್ ಡ್ರೈವ್ (ಬೋಟಿನ ಹಿಂದೆ ಕೂತು ಪ್ರೊಪೆಲ್ಲರ್ ತಿರುಗಿಸುವ ಭಾಗ) ಎಂದು ಬಂದರಿನ ಕಡೆಯ ಒಂದು ವರ್ಕ್‌ಶಾಪಿನೊಂದಿಗೆ ಒಪ್ಪಂದವಾಯಿತು. ‘ರೀಬಿಲ್ಟ್ ಮೆರೈನ್ ಎಂಜಿನ್’ ಎಂದು ಅವರೇ ಕಾಗದದಲ್ಲಿ ಬರೆದುಕೊಟ್ಟಿದ್ದಾರೆ. ಆ ಕಾಗದ ಈಗಲೂ ನನ್ನಲ್ಲಿದೆ. ಮುಕ್ಕಾಲು ಪಾಲು ಹಣ ಮೊದಲೇ ಹೋಯಿತು.

ಅದರ ಮೇಲೆ ಇನ್ನೊಂದು ಲೆಕ್ಕ ಬಂತು. ಎರಡು ಪ್ರೊಪೆಲ್ಲರ್ ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗದಿದ್ದರೆ ಬೋಟು ಒಂದೇ ಕಡೆಗೆ ಎಳೆಯುತ್ತದೆ, ಆದ್ದರಿಂದ ಒಂದು ಎಂಜಿನ್ ‘ರಿವರ್ಸ್ ರೊಟೇಶನ್’ನದ್ದೇ ಆಗಬೇಕು, ಅದು ಸುಲಭವಾಗಿ ಸಿಗುವುದಿಲ್ಲ ಎಂದು ಹೇಳಿ ಪ್ರತ್ಯೇಕ ಹಣ ವಸೂಲು ಮಾಡಿದರು. ಎಳೆಯುತ್ತದೆ ಎಂಬುದು ನಿಜ. ಆದರೆ ಬ್ರಾವೋ ಒನ್ ಡ್ರೈವನ್ನು ಶಿಫ್ಟ್ ಕೇಬಲ್ ಜೋಡಿಸುವ ಕ್ರಮ ಬದಲಿಸಿ ಯಾವ ದಿಕ್ಕಿಗಾದರೂ ತಿರುಗಿಸಬಹುದು. ಎಂಜಿನ್ ಎರಡೂ ಒಂದೇ ದಿಕ್ಕಿನವಾದರೆ ಏನೂ ತೊಂದರೆಯಿಲ್ಲ. ಬಂದ ಎಂಜಿನ್‌ಗಳೂ ಒಂದೇ ದಿಕ್ಕಿನವು. ಅಂದರೆ ಬೇಕಾಗಿಯೇ ಇಲ್ಲದ, ಬಂದೂ ಇಲ್ಲದ ವಸ್ತುವಿಗೆ ನಾನು ಹಣ ಕೊಟ್ಟಿದ್ದೇನೆ.

ನೀರಿಗಿಳಿಸುವ ಮೊದಲು ಶೆಡ್ಡಿನ ಹೊರಗೆ ಹೋಸ್‌ನಿಂದ ನೀರು ಕೊಟ್ಟು ಎಂಜಿನ್ ಸ್ಟಾರ್ಟ್ ಮಾಡುವ ದಿನ ಮನೆಯವರು, ಭಾವ, ಅಕ್ಕಪಕ್ಕದವರು ಎಲ್ಲರೂ ಬಂದಿದ್ದರು. ತೆಂಗಿನಕಾಯಿ ಒಡೆದದ್ದೂ ಆಯಿತು. ಎಂಜಿನ್ ಬಿಸಿಯಾಗುತ್ತಿದ್ದಂತೆ ವಾಲ್ವ್ ಕವರಿನ ಮೇಲಿನ ಹೊಸ ಕಪ್ಪು ಬಣ್ಣ ಗುಳ್ಳೆ ಎದ್ದು ಸುಲಿಯತೊಡಗಿತು. ಅದರಡಿಯಲ್ಲಿ ಆಯಿಲ್ ಬದಲಾವಣೆಯ ಒಂದು ಚೀಟಿ ಅಂಟಿಕೊಂಡಿತ್ತು. ಮೇಲೆ ಅರೇಬಿಕ್ ಅಕ್ಷರ, ಕೆಳಗೆ ಮುಂದಿನ ಬದಲಾವಣೆ ಇಷ್ಟು ಕಿಲೋಮೀಟರಿಗೆ ಎಂದು ಪೆನ್ನಿನಲ್ಲಿ ಬರೆದ ಅಂಕಿ. ಬೋಟಿನ ಎಂಜಿನ್‌ಗೆ ಗಂಟೆಯ ಲೆಕ್ಕ. ಕಿಲೋಮೀಟರ್ ಎಲ್ಲಿಂದ ಬಂತು? ದಕ್ಕೆಯಲ್ಲಿ ಟ್ರಾಲ್‌ಬೋಟಿನ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರು ನನಗಿಂತ ಮೊದಲೇ ಅದನ್ನು ಓದಿ, “ಇದು ಗಾಡಿದಲ್ವಾ ಸರ್?” ಎಂದು ಮೆಲ್ಲಗೆ ಕೇಳಿದರು. ಮೆಲ್ಲಗೆ ಕೇಳಿದರೂ ಎಲ್ಲರಿಗೂ ಕೇಳಿಸಿತು. ಭಾವ ನಕ್ಕದ್ದನ್ನು ನಾನು ಮರೆಯುವವನಲ್ಲ.

ವರ್ಕ್‌ಶಾಪಿನವರ ಉತ್ತರಗಳನ್ನು ಇದ್ದ ಹಾಗೆಯೇ ಕೊಡುತ್ತೇನೆ. ಮೊದಲ ಉತ್ತರ: “ಬ್ಲಾಕ್ ಒಂದೇ ಸರ್, ಗಾಡಿದೂ ಜಿಎಂ, ಬೋಟಿದೂ ಜಿಎಂ.” ಬ್ಲಾಕ್, ಅಂದರೆ ಎಂಜಿನ್ನಿನ ಮುಖ್ಯ ಒಡಲು, ಜನರಲ್ ಮೋಟರ್ಸ್‌ನದ್ದೇ ಎಂಬುದು ಸರಿ, ಅರ್ಧ ಸತ್ಯವಿದ್ದುದರಿಂದಲೇ ಆ ಕ್ಷಣಕ್ಕೆ ನನಗೆ ಮಾತು ಹೊರಡಲಿಲ್ಲ. ಎರಡನೆಯದು: “ಟ್ರಾಲ್‌ಬೋಟಲ್ಲಿ ಲೇಲ್ಯಾಂಡ್ ಲಾರಿ ಎಂಜಿನ್ ಓಡುದಿಲ್ವಾ ಮಾರಾಯ್ರೇ? ಎಂತ ಆಗಿದೆ ಅವ್ರಿಗೆ?” ಅದು ಡೀಸೆಲ್, ಇದು ಪೆಟ್ರೋಲ್ ಎಂದು ನಾನು ಹೇಳಿದ್ದಕ್ಕೆ ಫೋನ್ ಇಟ್ಟರು. ಆಮೇಲೆ ವಾಟ್ಸ್ಆ್ಯಪಿನಲ್ಲಿ ನೀಲಿ ಗೆರೆ ಮಾತ್ರ. ಕೊನೆಗೆ ಒಂದು ವಾಯ್ಸ್ ಮೆಸೇಜ್: “ಟೆನ್ಶನ್ ಮಾಡ್ಬೇಡಿ, ಬೇಕಾದ್ರೆ ಅರ್ಧ ರೇಟಿಗೆ ನಾವೇ ವಾಪಸ್ ತಗೊಳ್ತೇವೆ.” ನನ್ನ ಹಣದಲ್ಲಿ ತಂದದ್ದನ್ನು ನನಗೇ ಅರ್ಧ ದರದ ಉಪಕಾರ!

ಡೀಸೆಲ್–ಪೆಟ್ರೋಲ್ ವ್ಯತ್ಯಾಸ ಹಟದ ಮಾತಲ್ಲ, ಜೀವದ ಮಾತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಗಾಡಿಯಲ್ಲಿ ಅದು ಕೆಳಗಿನಿಂದ ರಸ್ತೆಗೆ ಹೋಗಿಬಿಡುತ್ತದೆ, ಬೋಟಿನಲ್ಲಿ ತಳದ ಬಿಲ್ಜ್‌ನಲ್ಲಿ ಕೂತುಕೊಳ್ಳುತ್ತದೆ. ಸ್ಟಾರ್ಟ್ ಮಾಡುವ ಮೊದಲು ಕನಿಷ್ಠ ನಾಲ್ಕು ನಿಮಿಷ ಬ್ಲೋವರ್ (ಆವಿಯನ್ನು ಹೊರಗೆ ತಳ್ಳುವ ಫ್ಯಾನ್) ಓಡಿಸಬೇಕು ಎನ್ನುವುದು ಇದೇ ಕಾರಣಕ್ಕೆ. ಮೆರೈನ್ ಸ್ಟಾರ್ಟರ್, ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಭಾಗ), ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ)‌ಗಳನ್ನು ಒಳಗಿನ ಕಿಡಿ ಹೊರಗಿನ ಆವಿಗೆ ತಗಲದಂತೆ ಕಟ್ಟಿರುತ್ತಾರೆ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್ ಮೆರೈನ್‌ನದ್ದಾದರೆ, ಉಕ್ಕಿದಾಗ ಪೆಟ್ರೋಲ್ ಅದರ ಬಾಯಿಯೊಳಕ್ಕೇ ಬೀಳುತ್ತದೆ. ಗಾಡಿಯದ್ದು ಉಕ್ಕಿದರೆ ಹೊರಗೆ ಸುರಿಯುತ್ತದೆ. ನನ್ನ ಎರಡು ಎಂಜಿನ್‌ಗಳಲ್ಲಿಯೂ ಇವೆಲ್ಲವೂ ಗಾಡಿಯವು. ಆಲ್ಟರ್ನೇಟರಿನ ಗಾಳಿಕಿಂಡಿಗಳಿಗೆ ಜಾಲರಿ ಇಲ್ಲ, ಬೆರಳು ಹೋಗುವಷ್ಟು ತೆರೆದಿವೆ. ಇದನ್ನು ಮುಚ್ಚಿದ ಎಂಜಿನ್ ರೂಮಿನಲ್ಲಿಟ್ಟು, ಅದರ ಮೇಲಿನ ಸೀಟಿನಲ್ಲಿ ನನ್ನ ಮಕ್ಕಳನ್ನು ಕೂರಿಸಿ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕಿತ್ತು ನಾನು.

ಎಂಜಿನ್ ಎತ್ತಿಸಿದಾಗ ಕೆಳಗಿನ ಕಥೆಯೂ ಹೊರಬಿತ್ತು. ಒಂದೊಂದು ಎಂಜಿನ್ ನಾಲ್ಕು ಕ್ವಿಂಟಲಿಗೂ ಮೇಲೆ ತೂಗುತ್ತದೆ. ಅಷ್ಟು ಭಾರ ಹೊರಬೇಕಾದ ಸ್ಟ್ರಿಂಗರುಗಳ (ಬೋಟಿನ ತಳದ ಉದ್ದಕ್ಕೂ ಇರುವ ತೊಲೆಗಳ) ಒಳಗಿನ ಪ್ಲೈವುಡ್ ನೀರು ಕುಡಿದು, ಅವಲಕ್ಕಿ ನೆನೆಸಿದ ಹಾಗೆ ಮೆತ್ತಗಾಗಿತ್ತು. ಅದನ್ನು ತೆಗೆದು ಹೊಸದು ಹಾಕಿದ್ದೇವೆ ಎಂದು ಬಿಲ್ಲಿನಲ್ಲಿದೆ. ಮಾಡಿದ್ದು ಮೇಲಿಂದ ಒಂದು ಪದರ ಫೈಬರ್ ಮ್ಯಾಟ್, ಅದರ ಮೇಲೆ ಹೊಳಪಿನ ಬಿಳಿ ಲೇಪ (ಜೆಲ್‌ಕೋಟ್), ಅಷ್ಟೇ. ಬೋಲ್ಟುಗಳನ್ನು ಕೈಯಲ್ಲೇ ತಿರುಗಿಸಿ ತೆಗೆದೆವು.

ನೀವು ಮಾಡಬೇಕಾದದ್ದು ಹೆಚ್ಚಿಲ್ಲ. ಮರ್ಕ್ರೂಸರ್‌ನಲ್ಲಿ ಎಂಜಿನ್, ಟ್ರಾನ್ಸಮ್ (ಬೋಟಿನ ಹಿಂಬದಿಯ ಗೋಡೆಗೆ ಕೂರಿಸುವ ಜೋಡಣೆ), ಡ್ರೈವ್ ಮೂರಕ್ಕೂ ಬೇರೆ ಬೇರೆ ಸೀರಿಯಲ್ ನಂಬರ್ ಇರುತ್ತದೆ; ಹಣ ಕೊಡುವ ಮೊದಲು ಮೂರರ ಫೋಟೋ ಕೇಳಿ, ಕೊಡದಿದ್ದರೆ ಎದ್ದು ಬನ್ನಿ. ಸ್ಟಾರ್ಟರ್, ಆಲ್ಟರ್ನೇಟರ್ ಮೇಲೆ ‘ಎಸ್‌ಎಇ ಜೆ1171’ (SAE J1171, ಕಿಡಿ ಹೊರಗಿನ ಆವಿಗೆ ತಗಲದಂತೆ ಕಟ್ಟಿದ್ದು ಎಂಬುದರ ಗುರುತು) ಹುಡುಕಿ. ಎಂಜಿನ್ ಕೂರುವ ಮೊದಲು ಸ್ಟ್ರಿಂಗರನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ಹೊಳೆಯುವ ಹೊಸ ಬಣ್ಣ ಕಂಡರೆ ಉಗುರಿನಿಂದ ಕೆರೆಯಿರಿ, ಅವರಿಗೆ ಬೇಸರವಾದರೆ ಆಗಲಿ.

ನನ್ನ ವಕೀಲರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಿದ್ಧಪಡಿಸುತ್ತಿದ್ದಾರೆ. ಮೊನ್ನೆ ಬೋಟು ತರಲು ಹೋದಾಗ ಅದೇ ಶೆಡ್ಡಿನ ಮೂಲೆಯಲ್ಲಿ ಇನ್ನೊಂದು ಜೋಡಿ ಎಂಜಿನ್ ಕಂಡೆ, ಅದೇ ಕಪ್ಪು ಬಣ್ಣ, ಇನ್ನೂ ಒಣಗಿರಲಿಲ್ಲ. ಯಾರಿಗೆ ಎಂದು ಕೇಳಿದರೆ, “ಉಡುಪಿ ಪಾರ್ಟಿ” ಎಂದರು. ಆ ಪಾರ್ಟಿ ಇದನ್ನು ಓದುತ್ತಿದ್ದರೆ, ಉಳಿದ ಹಣ ಕೊಡಬೇಡಿ.