ಮಿಲ್ಲಿಂಗ್ ಮಷೀನ್ ಜೊತೆ ‘ಫುಲ್ ಕಿಟ್’ ತಗೋಬೇಡಿ

ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ಕಡೆ ಮನೆ ಶೆಡ್ಡಲ್ಲಿ ಸಣ್ಣ ಮಿಲ್ಲಿಂಗ್ ಮಷೀನ್ (ತಿರುಗೋ ಕಟ್ಟರಿಂದ ಲೋಹ ಕಡಿಯೋದು) ಇಡಬೇಕು ಅಂತಿರೋರು ದಯವಿಟ್ಟು ಓದಿ. ಮಷೀನ್ ಬಗ್ಗೆ ನನ್ನ ತಕರಾರಿಲ್ಲ. ಅದರ ಜೊತೆ ಚಕ್, ಕಾಲೆಟ್ (ಚಕ್ಕೊಳಗೆ ಕಟ್ಟರನ್ನ ಹಿಡಿಯೋ ಸೀಳು ಬಳೆ), ವೈಸ್, ಕ್ಲಾಂಪ್ ಸೆಟ್, ಎಂಡ್ ಮಿಲ್ (ಕಡಿಯೋ ಕಟ್ಟರ್) ಎಲ್ಲ ಸೇರಿಸಿ ಒಂದೇ ರೇಟಿಗೆ ‘ಫುಲ್ ಕಿಟ್’ ಅಂತ ತಗಲಿಸ್ತಾರಲ್ಲ, ಮೋಸ ಇರೋದು ಅಲ್ಲಿ.

ನನ್ನ ಮಷೀನಿನ ಸ್ಪಿಂಡಲ್ (ಚಕ್ ಹಿಡಿದು ತಿರುಗೋ ದಂಡ) ಎಂಟಿ3, ಅಂದರೆ ಮೋರ್ಸ್ ಟೇಪರ್ 3 ಅಳತೆಯ, ಒಳಕ್ಕೆ ಕಿರಿದಾಗ್ತಾ ಹೋಗೋ ತೂತು; ಡ್ರಾಬಾರ್ (ಚಕ್ಕನ್ನ ಮೇಲಿಂದ ಎಳೆದು ಹಿಡಿಯೋ ಉದ್ದ ಬೋಲ್ಟು) ಎಂ12; ಬೆಡ್ಡಿನ ಟಿ-ಸ್ಲಾಟ್ (ಕ್ಲಾಂಪಿನ ಟಿ-ನಟ್ ಕೂರೋ ಸಂದು) 12 ಮಿ.ಮೀ. ಈ ಮೂರನ್ನೂ ದುಡ್ಡು ಹಾಕೋ ಮೊದಲೇ ಕಿಟ್ ಮಾರೋರಿಗೆ ವಾಟ್ಸಾಪಲ್ಲಿ ಬರೆದು ಕಳಿಸಿದ್ದೆ. “ಓಕೆ ಸರ್, ಎಲ್ಲ ಮ್ಯಾಚಿಂಗ್ ಬರುತ್ತೆ” ಅಂತ ಉತ್ತರ. ಬಂದಿದ್ದು ಆರ್8 ಅನ್ನೋ ಬೇರೆ ಅಳತೆಯ ಶ್ಯಾಂಕಿನ (ಸ್ಪಿಂಡಲ್ಲೊಳಗೆ ಹೋಗೋ ಭಾಗ) ಕಾಲೆಟ್ ಚಕ್. ಆರ್8ರ ಮೈ ಸುಮಾರು 24.1 ಮಿ.ಮೀ., ಎಂಟಿ3 ಟೇಪರಿನ ಬಾಯಿ 23.8. ಒಳಗೇ ಹೋಗಲ್ಲ. ಫೋನ್ ಮಾಡಿದ್ರೆ, “ಸ್ವಲ್ಪ ಎಣ್ಣೆ ಹಚ್ಚಿ ಡ್ರಾಬಾರ್ ಟೈಟ್ ಮಾಡಿ ಸರ್, ಕೂರುತ್ತೆ.” ಆರ್8ರ ಥ್ರೆಡ್ 7/16 ಇಂಚು, ಇಲ್ಲಿರೋ ಡ್ರಾಬಾರ್ ಎಂ12. ಯಾವುದನ್ನ ಟೈಟ್ ಮಾಡೋದು?

ಜಗಳ ಆಡಿದ ಮೇಲೆ ಬದಲಿ ಕಳಿಸಿದರು. ಈ ಸಲ ಎಂಟಿ3 ಹೌದು. ಆದರೆ ತಿರುಗಿಸಿ ಹಿಂದೆ ನೋಡಿದರೆ ಎಂ12 ತೂತು ಇರಬೇಕಾದ ಜಾಗದಲ್ಲಿ ಚಪ್ಪಟೆ ನಾಲಗೆ. ಟ್ಯಾಂಗ್! ಡ್ರಿಲ್ಲಿಂಗ್ ಮಷೀನಿಗೆ ಹಾಕೋ ಮಾಲು. ಮೈಯೆಲ್ಲಾ ಉರಿದುಹೋಯ್ತು. ಇದು ಮರೆತು ಕಳಿಸಿದ್ದಲ್ಲ, ಗೋಡೌನಲ್ಲಿ ಉಳಿದಿದ್ದನ್ನ ಸಾಗಹಾಕಿದ್ದು. ಕೇಳಿದರೆ ಬಂದ ಮಾತು: “ಸುತ್ತಿಗೇಲಿ ಒಂದೇಟು ಕೊಡಿ ಸರ್, ಟೇಪರ್ ತಾನೇ ಹಿಡ್ಕೊಳ್ಳುತ್ತೆ. ಎಲ್ಲಾರೂ ಹಂಗೇ ಮಾಡೋದು.”

ಇದನ್ನ ಮಾತ್ರ ಯಾರೂ ಮಾಡಬೇಡಿ. ಡ್ರಿಲ್ ಮಾಡುವಾಗ ಒತ್ತಡ ಮೇಲಕ್ಕೆ, ಟೇಪರ್ ಇನ್ನೂ ಬಿಗಿಯಾಗುತ್ತೆ. ಎಂಡ್ ಮಿಲ್ಲಿಗೆ ಪಕ್ಕದಿಂದ ಹೊಡೆತ, ಜೊತೆಗೆ ಅದರ ಸುರುಳಿ ಕಟ್ಟರನ್ನ ಕೆಳಕ್ಕೆ ಎಳೀತಾ ಇರುತ್ತೆ. ಆ ಅದುರಿಗೆ ಟೇಪರ್ ಬಿಟ್ಟುಕೊಂಡರೆ ಕಟ್ಟರ್ ತಿರುಗ್ತಿರೋ ಚಕ್ ಸಮೇತ ಕೈ ಹತ್ತಿರ ಬೀಳುತ್ತೆ. ಡ್ರಾಬಾರ್ ಇರೋದೇ ಇದಕ್ಕೆ. ಡ್ರಿಲ್ ಚಕ್ಕಿಗೆ ಎಂಡ್ ಮಿಲ್ ಕಟ್ಟೋದೂ ಇದೇ ಥರ ಅಪಾಯ, ಅದನ್ನೂ ಈ ಮಹಾಶಯರು “ಸಣ್ಣ ಜಾಬಿಗೆ ನಡೆಯುತ್ತೆ” ಅಂದರು.

ಉಳಿದ ಮಾಲೂ ಅಷ್ಟೇ. 58 ಪೀಸಿನ ಕ್ಲಾಂಪ್ ಸೆಟ್ ಅಂದರೆ ಬಹಳ ಅನಿಸುತ್ತೆ, ಅದರಲ್ಲಿ 24 ಬರೀ ಸ್ಟಡ್ಡು (ಥ್ರೆಡ್ ಇರೋ ಕಡ್ಡಿ). ಟಿ-ನಟ್ ಇರೋದು 6, ಆ ಆರೂ 16 ಮಿ.ಮೀ. ಸ್ಲಾಟಿನವು. ಟಿ-ನಟ್ ಕೂರದಿದ್ದರೆ ಮಿಕ್ಕ 52 ಇಟ್ಕೊಂಡು ಏನು ಮಾಡೋದು? “ಗ್ರೈಂಡ್ ಮಾಡಿಸ್ಕೊಳ್ಳಿ ಸರ್.” ದುಡ್ಡು ಕೊಟ್ಟಿದ್ದು ಗ್ರೈಂಡ್ ಮಾಡಿಸೋಕಾ?

‘ಮಿಲ್ಲಿಂಗ್ ವೈಸ್’ ಅಂದಿದ್ದು ಡ್ರಿಲ್ ವೈಸ್. ಕೆಳಗೆ ಎರಡು ಪ್ಯಾರಲಲ್ (ಒಂದೇ ಎತ್ತರದ ಸಪಾಟು ಪಟ್ಟಿ) ಇಟ್ಟು ಜಾಬ್ (ಕಡಿಯೋ ತುಂಡು) ಬಿಗಿ ಮಾಡಿ, ಆಮೇಲೆ ಪ್ಯಾರಲಲ್ ಬೆರಳಲ್ಲಿ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ವೈಸಿನ ಓಡಾಡೋ ಜಾ (ದವಡೆ) ಮೇಲೆದ್ದು ಜಾಬನ್ನೂ ಎತ್ತಿದೆ ಅಂತ ಅರ್ಥ. ಇದರಲ್ಲಿ ಎಷ್ಟು ಫೇಸ್ ಮಾಡಿದರೂ (ಮೇಲ್ಮೈ ಸಪಾಟು ಕಡಿದರೂ) ಚೌಕ ಬರಲ್ಲ.

ಕಾಲೆಟ್ಟಿನ ಕಥೆ ಇನ್ನೂ ಕೆಟ್ಟದ್ದು. ಬದಲಿ ಚಕ್ಕಲ್ಲಿ 6 ಮಿ.ಮೀ. ಕಾಲೆಟ್ ಹಾಕಿ, ನಟ್ಟಿಗೆ ಮೊದಲು ಕಾಲೆಟ್ ಕಚ್ಚಿಸಿಯೇ ಕಟ್ಟಿ, ಪಪ್ಪಿ ಡಯಲ್ (ಸಣ್ಣ ಓರೆ ಅಳೆಯೋ ಗೇಜು) ಇಟ್ಟು ಕೈಯಲ್ಲಿ ಸ್ಪಿಂಡಲ್ ತಿರುಗಿಸಿದರೆ ಮುಳ್ಳು 0.08 ಮಿ.ಮೀ. ಓಡ್ತು, ಅಂದರೆ ಅಷ್ಟು ಓರೆಯಾಗಿ ತಿರುಗುತ್ತೆ. ಸ್ಪಿಂಡಲ್ಲಿನ ಒಳಗಿನ ಟೇಪರಿಗೇ ಡಯಲ್ ಇಟ್ಟರೆ 0.01 ಕೂಡ ಇಲ್ಲ. ಒಳ್ಳೆ ಕಾಲೆಟ್ 0.02ರ ಒಳಗಿರುತ್ತೆ. 6 ಮಿ.ಮೀ. ಕಟ್ಟರಿಗೆ ಒಂದು ಹಲ್ಲಿಗೆ ಫೀಡೇ (ಒಂದು ಹಲ್ಲು ಕಡಿಯೋ ದಪ್ಪ) 0.02–0.03. ಅಂದಮೇಲೆ ನಾಲ್ಕು ಹಲ್ಲಲ್ಲಿ ಒಂದೇ ಹಲ್ಲು ಕಡೀತಿರುತ್ತೆ, ಕಾರ್ಬೈಡ್ ಆದರೆ ಪಟ್ ಅಂತ ಮುರಿಯುತ್ತೆ. ವಿಡಿಯೋ ಕಳಿಸಿದೆ. “ಹಾಬಿಗೆ ಇಷ್ಟು ಸಾಕು ಸರ್, ನೀವೇನು ಇಸ್ರೋಗೆ ಪಾರ್ಟ್ ಮಾಡ್ತೀರಾ?” ಎಂಥ ಉತ್ತರ ಇದು! ಹಾಬಿ ಅಂದ ತಕ್ಷಣ ಹಾಳು ಮಾಲು ಕೊಡಬಹುದಾ?

ಕಿಟ್ ಬೇಡ, ಬಿಡಿಬಿಡಿಯಾಗಿ ತಗೊಳ್ಳಿ. ಎಂ12 ತೂತಿರೋ ಎಂಟಿ3 ಇಆರ್ (ಕಾಲೆಟ್ ಹಾಕೋ) ಚಕ್ ಒಂದು, ಅದರ ಹಿಂಭಾಗದ ಫೋಟೋ ತರಿಸ್ಕೊಂಡೇ ದುಡ್ಡು ಹಾಕಿ. ಕಾಲೆಟ್ ಇಡೀ ಸೆಟ್ ಬೇಡ, 6, 8, 10, 12 ಸಾಕು, ಒಳ್ಳೆಯವು. ಮೊದಲಿಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಎಂಡ್ ಮಿಲ್ಲೇ ಸಾಕು: ಮೈಲ್ಡ್ ಸ್ಟೀಲಿಗೆ ನಾಲ್ಕು ಹಲ್ಲು, ಅಲ್ಯೂಮಿನಿಯಂಗೆ ಎರಡು. 10 ಮಿ.ಮೀ. ಕಟ್ಟರ್ ಮೈಲ್ಡ್ ಸ್ಟೀಲಲ್ಲಿ 800 ಆರ್‌ಪಿಎಂ ಸುತ್ತಮುತ್ತ. 50 ಮಿ.ಮೀ. ಫೇಸ್ ಮಿಲ್ (ಹಲವು ಹಲ್ಲಿನ ಅಗಲ ಕಟ್ಟರ್) ಸಣ್ಣ ಮಷೀನಿಗೆ ಬೇಡವೇ ಬೇಡ, ಫ್ಲೈ ಕಟ್ಟರ್ (ಒಂದೇ ಹಲ್ಲಿನದು) ತಗೊಳ್ಳಿ. ಸಾಮಾನು ಬಂದ ಮೇಲೆ ಫೋಮ್ ಡಬ್ಬದಲ್ಲಿ ಬಿಡಬೇಡಿ, ನಮ್ಮ ಮಳೆಗಾಲದ ಥಂಡಿಗೆ ತುಕ್ಕು ಗ್ಯಾರಂಟಿ. ಎಣ್ಣೆ ಹಚ್ಚಿ ಕಾಗದದಲ್ಲಿ ಸುತ್ತಿಡಿ. ಅನುಮಾನ ಇದ್ದರೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್, ಮಾಚೇನಹಳ್ಳಿ ಕಡೆ ಹಳೇ ಟರ್ನರ್ (ಲೇತ್ ಕೆಲಸದವರು) ಯಾರಿಗಾದರೂ ತೋರಿಸಿ.

ಮತ್ತೆ ಬಿಲ್. ನನಗೆ ಕೊಟ್ಟಿದ್ದು ‘ಎಸ್ಟಿಮೇಟ್’ ಚೀಟಿ, ಜಿಎಸ್‌ಟಿ ನಂಬರೇ ಇಲ್ಲ. ದುಡ್ಡು ವಾಪಸ್ ಕೇಳಿದ್ದಕ್ಕೆ “ಕೇಸ್ ಹಾಕೋದಾದ್ರೆ ನಮ್ಮೂರಿಗೆ ಬಂದು ಹಾಕಿ” ಅಂದರು. ಅದೂ ಸುಳ್ಳು. 2019ರ ಗ್ರಾಹಕ ಕಾಯ್ದೆ ಪ್ರಕಾರ ನಾವಿರೋ ಊರಲ್ಲೇ, ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ವಾಟ್ಸಾಪ್ ಮಾತು, ಯುಪಿಐ ರಸೀದಿ, ಪಾರ್ಸೆಲ್ ಬಿಚ್ಚೋ ವಿಡಿಯೋ ಯಾವುದನ್ನೂ ಅಳಿಸಬೇಡಿ. ನನ್ನ ದೂರು ದಾಖಲಾಗಿದೆ, ದುಡ್ಡು ಇನ್ನೂ ಬಂದಿಲ್ಲ.