ಬಾಗಿಲ ತನಕ ಊಟ: ಮೈಸೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಡೆಲಿವರಿ ಹೇಗಿದೆ?

ನನ್ನ ಅಂಕ: ಡೆಲಿವರಿಗೆ 5ಕ್ಕೆ 4, ಗೇಟಿನ ವ್ಯವಸ್ಥೆಗೆ 5ಕ್ಕೆ 2.

ಸ್ವಿಗ್ಗಿ, ಜೊಮ್ಯಾಟೊ ಎರಡರಲ್ಲೂ ಫ್ಲ್ಯಾಟ್ ನಂಬರ್, ಮಹಡಿ ಬರೆಯಲು ಜಾಗವಿದೆ. ‘ಬಾಗಿಲ ಬಳಿ ಇಡಿ’ ಎಂಬ ಸೂಚನೆಯನ್ನೂ ಕೊಡಬಹುದು. ಅಂದಮೇಲೆ ಊಟ ಬರಬೇಕಾದದ್ದು ಬಾಗಿಲಿಗೇ, ಗೇಟಿಗಲ್ಲ. ಆದರೆ ಕೆಲಸ ಕೆಡುವುದು ಬಹುಪಾಲು ಗೇಟಿಗೂ ಲಿಫ್ಟಿಗೂ ನಡುವೆ. ಅದಕ್ಕೆ ತಂದುಕೊಡುವವರನ್ನು ಬೈದು ಪ್ರಯೋಜನವಿಲ್ಲ.

ಮೊದಲ ತೊಡಕು ವಿಳಾಸ. ವಿಜಯನಗರದಲ್ಲಿ ಹಂತ (ಸ್ಟೇಜ್) ಬಿಟ್ಟು ಬರೀ ಮೇನ್, ಕ್ರಾಸ್ ಬರೆದರೆ 2ನೇ ಹಂತದ ಇಡ್ಲಿ 4ನೇ ಹಂತ ಸುತ್ತಿ ಬರುತ್ತದೆ. ಮ್ಯಾಪಿನ ಪಿನ್ ಹಿಂದಿನ ಕಾಂಪೌಂಡ್ ಹತ್ತಿರ ಬಿದ್ದಿದ್ದರೆ ಗಾಡಿಯೂ ಹಿಂದಿನ ರಸ್ತೆಗೇ ಹೋಗಿ ನಿಲ್ಲುತ್ತದೆ. ಪಿನ್ನನ್ನು ಡೆಲಿವರಿಯವರನ್ನು ಒಳಗೆ ಬಿಡುವ ಗೇಟಿನ ಮೇಲೇ ಎಳೆದಿಟ್ಟು ವಿಳಾಸ ಸೇವ್ ಮಾಡಿ. ಕೆಳಗೆ ಪಾರ್ಕಿಂಗ್ ಇರುವ ಕಟ್ಟಡಗಳಲ್ಲಿ 201 ಕೆಲವೆಡೆ ಎರಡನೇ ಮಹಡಿ, ಕೆಲವೆಡೆ ಮೂರನೆಯದು. ಹಾಗಾಗಿ ಲಿಫ್ಟಿನಲ್ಲಿ ಒತ್ತಬೇಕಾದ ನಂಬರನ್ನೇ ತಿಳಿಸಿ: “ಬಿ ಬ್ಲಾಕ್, ಲಿಫ್ಟಿನಲ್ಲಿ 3, ಇಳಿದು ಎಡಕ್ಕೆ ಕೊನೇ ಬಾಗಿಲು.” ಬರೀ “ಗಣಪತಿ ದೇವಸ್ಥಾನದ ಹತ್ತಿರ” ಅಂದರೆ ಈ ಊರಲ್ಲಿ ಏನೂ ಹೇಳಿದ ಹಾಗಲ್ಲ.

ಆಮೇಲೆ ಸೆಕ್ಯುರಿಟಿ. ರಿಜಿಸ್ಟರಿನಲ್ಲಿ ಹೆಸರು, ಫೋನ್ ಬರೆಸಿ, ಇಂಟರ್‌ಕಾಮ್‌ನಲ್ಲಿ ಕೇಳಿ, ಗಾಡಿ ಹೊರಗೆ ಬಿಡಿಸಿ, ಸರ್ವಿಸ್ ಲಿಫ್ಟಿಗೆ ಕಳಿಸುವ ಕಡೆ ಹತ್ತು ನಿಮಿಷ ಸುಮ್ಮನೆ ಹೋಗುತ್ತದೆ. ಗೇಟಿನಲ್ಲಿ ಬರುವವರಿಗೆ ಒಪ್ಪಿಗೆ ಕೊಡುವ ಮೈಗೇಟ್‌ನಂಥ ಆ್ಯಪ್ ಇದ್ದರೆ ಆರ್ಡರ್ ಮಾಡಿದ ಕೂಡಲೇ ಒಪ್ಪಿಗೆ ಕೊಟ್ಟಿಡಿ. ಒಂದೇ ಸುತ್ತಿನಲ್ಲಿ ಎರಡು ಆರ್ಡರ್ ಹೊತ್ತಿದ್ದರೆ ಇನ್ನೊಬ್ಬರ ಊಟ ರಸ್ತೆಬದಿಯ ಗಾಡಿಯಲ್ಲೇ ಇರುತ್ತದೆ. “ಸರ್, ಸ್ವಲ್ಪ ಕೆಳಗೆ ಬರ್ತೀರಾ?” ಎಂದು ಕೇಳುವುದು ಎಷ್ಟೋ ಸಲ ಅದಕ್ಕೇ. (ಡೆಲಿವರಿಯವರು ಮುಂಭಾಗದ ಲಿಫ್ಟ್ ಹತ್ತಕೂಡದೆಂದು ಬೋರ್ಡ್ ಹಾಕಿಸುವವರೇ ಊಟ ತಣ್ಣಗಾಯ್ತೆಂದು ಸ್ಟಾರ್ ಕಳೆಯುವುದು ತಮಾಷೆ.)

ಬಿರಿಯಾನಿ, ಬಿಸಿಬೇಳೆಬಾತು ಈ ತಡ ತಡೆದುಕೊಳ್ಳುತ್ತವೆ. ಮಸಾಲೆ ದೋಸೆ ತಡೆಯದು. ಮುಚ್ಚಿದ ಪೊಟ್ಟಣದೊಳಗೆ ಅದರ ಹಬೆಯೇ ಅದನ್ನು ಮೆತ್ತಗೆ ಮಾಡುತ್ತದೆ. ದೋಸೆ ತರಿಸಿದ ದಿನ ನೀವೇ ಇಳಿದು ಹೋಗಿ ಇಸಿದುಕೊಳ್ಳಿ, ಮನೆಗೆ ತಂದ ತಕ್ಷಣ ಪೊಟ್ಟಣ ಬಿಚ್ಚಿ.

‘ಬಾಗಿಲ ಬಳಿ ಇಡಿ’ ಎಂದು ಆರಿಸಿದವರು ಹೊರಗೊಂದು ಸ್ಟೂಲ್ ಹಾಕಿ. ಇಲ್ಲದಿದ್ದರೆ ಪೊಟ್ಟಣ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂರುತ್ತದೆ. ಓರೆಯಾಗಿಟ್ಟರೆ ಸಾಂಬಾರಿನ ಗಂಟೂ ಸಡಿಲ. ಕ್ಯಾಶ್ ಕೊಡುವವರಿಗೆ ಈ ಆಯ್ಕೆ ಒಗ್ಗುವುದಿಲ್ಲ, ಹೇಗಿದ್ದರೂ ಬಾಗಿಲು ತೆರೆಯಲೇಬೇಕು.

ಲಿಫ್ಟ್ ಕೆಟ್ಟಿದ್ದರೆ ಅಥವಾ ಕರೆಂಟಿಲ್ಲದೆ ನಿಂತಿದ್ದರೆ ಮಾತು ಬೇರೆ. ಡೆಲಿವರಿಯವರ ದುಡಿಮೆ ಆರ್ಡರ್ ಲೆಕ್ಕದ್ದು. ಗೇಟಿನಲ್ಲಿ, ಮೆಟ್ಟಿಲಲ್ಲಿ ಹೋದ ಹೊತ್ತು ಮುಂದಿನ ಆರ್ಡರಿಗೆ ಹೊಡೆತ. ರಾಜ್ಯದ 2025ರ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ದುಡಿಯುವವರ) ಕಾಯ್ದೆ ಕಂಪನಿಗಳಿಂದ ಕಲ್ಯಾಣ ಶುಲ್ಕ ಪಡೆಯಲು ದಾರಿ ಮಾಡಿದೆ, ಸರಿ. ಆದರೆ ಇವತ್ತು ಹತ್ತಿದ ನಾಲ್ಕು ಮಹಡಿಗೆ ಅದರಿಂದ ಏನೂ ಸಿಗದು. ಮೊದಲೇ ಫೋನ್ ಮಾಡಿ ಲಿಫ್ಟ್ ಇಲ್ಲವೆಂದು ತಿಳಿಸಿ, ಕೆಳಗಿಳಿದು ಹೋಗಿ. ಇಳಿಯಲಾಗದ ವಯಸ್ಸಾದವರು, ಕೂಸು ಮಲಗಿಸಿಕೊಂಡವರು ಡೆಲಿವರಿಯವರನ್ನೇ ಮೆಟ್ಟಿಲು ಹತ್ತಿಸಿದರೆ ಆ್ಯಪಿನಲ್ಲೇ ಟಿಪ್ ಹಾಕಿ. ಗೇಟಿನಲ್ಲಾದ ತಡಕ್ಕೆ ಡೆಲಿವರಿಯವರ ರೇಟಿಂಗ್ ಕಡಿಯಬೇಡಿ. ಆ ದೂರು ಹೋಗಬೇಕಾದದ್ದು ಅಪಾರ್ಟ್‌ಮೆಂಟ್ ಸಂಘದ ಮೀಟಿಂಗಿಗೆ.