ಎಚ್‌ಎಸ್‌ಪಿ70 ಆಂಟಿಬಾಡಿ: ಒಂದು ವಾರ ಸುಮ್ನೆ ಬೈದೆ

ತುಮಕೂರಿನ ನಮ್ಮ ಲ್ಯಾಬ್‌ಗೆ ಈ ಆಂಟಿಬಾಡಿ (ಎಚ್‌ಎಸ್‌ಪಿ70 ಅನ್ನೋ ಪ್ರೋಟೀನ್‌ಗೆ ಅಂಟಿಕೊಂಡು ಅದು ಎಲ್ಲಿದೆ ಅಂತ ತೋರಿಸುವ ವಸ್ತು) ತರಿಸಿ ಮೂರು ತಿಂಗಳಾಯ್ತು. ಕಂಪನಿ ಹೆಸರು ಬೇಡ. ಇಲಿಯ ಮಾನೋಕ್ಲೋನಲ್ (ಎಲ್ಲವೂ ಒಂದೇ ಬಗೆಯ ಆಂಟಿಬಾಡಿ), 100 ಮೈಕ್ರೋಲೀಟರ್. ವಯಲ್ ಬೆರಳಿನ ಒಂದು ಗೆಣ್ಣಿನಷ್ಟಿದೆ, ಬಿಲ್ ನೋಡಿ ನಮ್ಮ ಗೈಡ್ ಎರಡು ನಿಮಿಷ ಮಾತೇ ಆಡಲಿಲ್ಲ.

ಮೊದಲು ಡೆಲಿವರಿ ವಿಷಯ. ಬೆಂಗಳೂರಿನಿಂದ ಇಲ್ಲಿಗೆ 70 ಕಿಲೋಮೀಟರ್. ಶುಕ್ರವಾರ ಹೊರಟ ಡಬ್ಬ ಸೋಮವಾರ ಬಂತು, ಒಳಗಿನ ಐಸ್ ಪ್ಯಾಕ್ ಬೆಚ್ಚಗಿತ್ತು. ನಾನೇ ನಡೆದು ಹೋಗಿ ತಂದಿದ್ದರೂ ದಾರಿಯಲ್ಲಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಟೈಮ್ ಸಿಗುತ್ತಿತ್ತು. ಪುಣ್ಯಕ್ಕೆ ಆಂಟಿಬಾಡಿ ಎರಡು ಮೂರು ದಿನದ ಬಿಸಿಗೆಲ್ಲ ಕೆಟ್ಟು ಹೋಗುವ ಜಾತಿಯಲ್ಲ.

ಗೊತ್ತಿಲ್ಲದವರಿಗೆ: ನೀರಿಗೆ ರಾಗಿಹಿಟ್ಟು ಹಾಕಿ ಸರಿಯಾಗಿ ತಿರುವದಿದ್ದರೆ ಮುದ್ದೆ ಗಂಟಾಗುತ್ತಲ್ಲ, ಬಿಸಿ ತಗುಲಿದ ಜೀವಕೋಶದಲ್ಲಿ ಪ್ರೋಟೀನ್‌ಗಳೂ ಹಾಗೇ ಗಂಟುಗಟ್ಟುತ್ತವೆ. ಆಗ ಮುದ್ದೆ ಕೋಲಿನ ಕೆಲಸ ಮಾಡೋದು ಎಚ್‌ಎಸ್‌ಪಿ70. ತೊಂದರೆ ಏನಂದ್ರೆ ಇದಕ್ಕೆ ಎಚ್‌ಎಸ್‌ಸಿ70 ಅಂತ ಒಬ್ಬ ಅಣ್ಣ ಇದ್ದಾನೆ. ಅವನು ಬಿಸಿ ಇರಲಿ ಬಿಡಲಿ, ಸದಾ ಹಾಜರ್. ಇಬ್ಬರ ಸೀಕ್ವೆನ್ಸ್ (ಅಮೈನೋ ಆಮ್ಲಗಳ ಸಾಲು) ಸುಮಾರು 85 ಪ್ರತಿಶತ ಒಂದೇ, ತೂಕವೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್ ನೋಡಿ ಇವರಿಬ್ಬರನ್ನು ಬೇರೆ ಮಾಡೋದು ಕಷ್ಟ, ಆಂಟಿಬಾಡಿಯನ್ನೇ ನಂಬಬೇಕು. ಈ ವಯಲ್ 'ತಮ್ಮನನ್ನು ಮಾತ್ರ ಹಿಡಿಯುತ್ತೇನೆ' ಅನ್ನುತ್ತದೆ.

ಹೀಲಾ ಅನ್ನೋ, ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯರ ಕೋಶಗಳನ್ನು 42 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಮತ್ತೆ 37ಕ್ಕೆ ತಂದು, ಸಂಜೆ ತೆಗೆದು ವೆಸ್ಟರ್ನ್ ಬ್ಲಾಟ್ (ಜೆಲ್‌ನ ಪ್ರೋಟೀನ್‌ಗಳನ್ನು ಪೊರೆಗೆ ದಾಟಿಸಿ ಆಂಟಿಬಾಡಿಯಿಂದ ಹುಡುಕೋದು) ಮಾಡಿದೆ. ಬಿಸಿ ಮಾಡಿದ ಕೋಶಗಳ ಲೇನ್‌ನಲ್ಲಿ (ಒಂದು ಸ್ಯಾಂಪಲ್ ಓಡುವ ಸಾಲು) ದಪ್ಪ ಬ್ಯಾಂಡ್, ಅಂದ್ರೆ ಪ್ರೋಟೀನ್ ಇರುವ ಗೆರೆ. ಬಿಸಿ ಮಾಡದ ಲೇನ್‌ನಲ್ಲೂ ಬ್ಯಾಂಡ್! ಅಣ್ಣನನ್ನೂ ಹಿಡಿದಿದೆ, ದುಡ್ಡು ನೀರಿಗೆ ಹೋಯ್ತು ಅಂತ ವಾರವಿಡೀ ಬೈದೆ, ಕಂಪನಿಗೆ ಖಾರವಾಗಿ ಮೇಲ್ ಬರೆದೆ. ಅವರು ಕೇಳಿದ್ದು ಒಂದೇ: ಯಾವ ಕೋಶ ಮೇಡಂ? ಕ್ಯಾನ್ಸರ್ ಕೋಶಗಳಲ್ಲಿ ಎಷ್ಟೋ ಸಲ ಬಿಸಿ ಮಾಡದಿದ್ದರೂ ಎಚ್‌ಎಸ್‌ಪಿ70 ಇರುತ್ತದೆ, ಹೀಲಾ ಕೂಡ ಕ್ಯಾನ್ಸರ್ ಕೋಶವೇ, ಅದರಲ್ಲಂತೂ ಇರೋದೇ. ನಾನು ಓದಿದ್ದೆ, ಮರೆತಿದ್ದೆ. ಆಮೇಲೆ ಮನುಷ್ಯರ ಮಾಮೂಲಿ ಫೈಬ್ರೋಬ್ಲಾಸ್ಟ್ (ಕ್ಯಾನ್ಸರ್ ಅಲ್ಲದ ಒಂದು ಬಗೆಯ ಕೋಶ) ಹಾಕಿದೆ. ಬಿಸಿ ಮಾಡದ ಲೇನ್ ಪೂರ್ತಿ ಖಾಲಿ, ಪಕ್ಕದ್ದು ಕಾಡಿಗೆ ತೀಡಿದ ಹಾಗೆ. ಅವತ್ತೇ ಇನ್ನೊಂದು ಮೇಲ್ ಬರೆದು ಸಾರಿ ಕೇಳಿದೆ.

ಮೈಕ್ರೋಸ್ಕೋಪ್‌ಗೆ ಮಾತ್ರ ಇದನ್ನು ತಗೋಬೇಡಿ. ಬಿಸಿ ಕೊಟ್ಟಾಗ ಎಚ್‌ಎಸ್‌ಪಿ70 ನ್ಯೂಕ್ಲಿಯಸ್ ಕಡೆ ಓಡಬೇಕು ಅಲ್ವಾ, ಇದರಲ್ಲಿ ಕೋಶ ಪೂರ್ತಿ ಮಂಜು ಕವಿದಂತೆ ಕಂಡಿತು. ಪ್ರೈಮರಿ (ಅಂದ್ರೆ ಈ ಆಂಟಿಬಾಡಿ) ಹಾಕದ ಸ್ಲೈಡ್ ಕಪ್ಪಗೇ ಇತ್ತು, ಹಾಗಾಗಿ ತಪ್ಪು ಸೆಕೆಂಡರಿಯದ್ದಲ್ಲ (ಪ್ರೈಮರಿಗೆ ಅಂಟಿ ಸಿಗ್ನಲ್ ಕೊಡುವ ಎರಡನೇ ಆಂಟಿಬಾಡಿ). ಮೂರು ಸಲ ನೋಡಿ ಕೈಬಿಟ್ಟೆ.

ಬ್ಲಾಟ್‌ಗೆ ಎಷ್ಟು ತೆಳು ಮಾಡಬೇಕು ಅಂತ ಕಂಪನಿಯ ಶೀಟ್‌ನಲ್ಲಿ 1:1000 ಅಂತ ಇದೆ, ನನಗೆ 1:5000 ಸಾಕಾಯ್ತು. ಪ್ರೈಮರಿ ವಯಲ್‌ನಲ್ಲಿ ಕೆಡದಿರಲಿ ಅಂತ ಹಾಕಿದ ಸೋಡಿಯಂ ಅಜೈಡ್ ಇದೆ, ಅದು ಎಚ್‌ಆರ್‌ಪಿ (ಸಿಗ್ನಲ್ ಹುಟ್ಟಿಸುವ ಕಿಣ್ವ) ಇರುವ ಸೆಕೆಂಡರಿಗೆ ಸೇರದಂತೆ ಚೆನ್ನಾಗಿ ತೊಳೆಯಿರಿ, ಇಲ್ಲಾಂದ್ರೆ ಸಿಗ್ನಲ್ ಸತ್ತು ಹೋಗುತ್ತದೆ.

ಇನ್ನೂ 60 ಮೈಕ್ರೋಲೀಟರ್ ಉಳಿದಿದೆ. 'ಒಂಚೂರು ಕೊಡಿ ಅಕ್ಕ' ಅಂತ ಕೆಳಗಿನ ಲ್ಯಾಬ್ ಹುಡುಗ ಆಗಲೇ ಎರಡು ಸಲ ಬಂದು ಹೋದ.